ಯಾರೂ ಫ್ಲಶ್ ಮಾಡದಿದ್ದರೂ ಟ್ಯಾಂಕ್ ತಾನೇ ತುಂಬಿಕೊಳ್ಳುತ್ತಿದೆ, ಹೊಸ ವಾಲ್ವ್ ಹಾಕಿದರೂ ನಿಂತಿಲ್ಲ

ಹನಿಹನಿ:
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ತಲೆನೋವು. ರಾತ್ರಿ ಮನೆಯೆಲ್ಲ ಸದ್ದಡಗಿದ ಮೇಲೆ ಕಮೋಡ್ ಟ್ಯಾಂಕ್‌ನಿಂದ ಸುಯ್ ಅಂತ ಸದ್ದು ಬರುತ್ತದೆ. ಏಳೆಂಟು ಸೆಕೆಂಡು ನೀರು ತುಂಬಿ ನಿಲ್ಲುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಅದೇ. ಯಾರೂ ಫ್ಲಶ್ ಮಾಡಿರುವುದಿಲ್ಲ. ಹೊರಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಮೇಲೆ ಎರಡು ಬಟನ್ ಇರುವ ಟ್ಯಾಂಕ್, ಚಿಕ್ಕದು ಒತ್ತಿದರೆ ಅರ್ಧ, ದೊಡ್ಡದು ಒತ್ತಿದರೆ ಪೂರ್ತಿ ನೀರು. ನೀರು ಬರುವ ಕಡೆಯ ವಾಲ್ವ್ ಕೆಟ್ಟಿದೆ ಅಂದುಕೊಂಡು ಹೊಸದು ತಂದು ಹಾಕಿದೆ, ಅರ್ಧ ದಿನ ಹಿಡಿಯಿತು, ಆದರೂ ಸದ್ದು ನಿಂತಿಲ್ಲ. ಈಗ ಒಳಗಿನದನ್ನೆಲ್ಲ ಬದಲಿಸಬೇಕಾ? ಇಲ್ಲ ಟ್ಯಾಂಕನ್ನೇ ಬದಲಿಸಬೇಕಾ? ಇಷ್ಟು ನೀರು ಸುಮ್ನೆ ಹರಿದು ಹೋಗುತ್ತಿದೆಯಲ್ಲ ಅಂತ ಮನಸ್ಸಿಗೆ ತುಂಬಾ ಬೇಜಾರು.

ಹಳೇಸ್ಪ್ಯಾನರ್:
ಸದ್ಯಕ್ಕೆ ಏನೂ ಬದಲಿಸಬೇಡಿ. ನಾನು ಪ್ಲಂಬಿಂಗ್ ಕೆಲಸದಲ್ಲೇ ಬಹಳ ವರ್ಷ ಕಳೆದವನು, ಈ ದೂರಿನಲ್ಲಿ ಜಾಸ್ತಿ ಜನ ಮಾಡುವುದು ಇದನ್ನೇ, ಸದ್ದು ಎಲ್ಲಿಂದ ಬರುತ್ತದೋ ಅಲ್ಲೇ ಕೈ ಹಾಕುತ್ತಾರೆ. ಸದ್ದು ಮಾಡುವುದು ನೀರು ತುಂಬುವ ವಾಲ್ವ್, ನಿಜ. ಆದರೆ ಅದು ತನ್ನ ಕೆಲಸ ಮಾಡುತ್ತಿದೆ. ಟ್ಯಾಂಕ್‌ನಲ್ಲಿ ನೀರು ಇಳಿಯಿತು, ಜೊತೆಗೆ ನೀರಿನ ಮೇಲೆ ತೇಲುವ ಫ್ಲೋಟ್ ಇಳಿಯಿತು, ವಾಲ್ವ್ ತೆರೆಯಿತು. ಹಾಗಾದರೆ ಇಳಿದ ನೀರು ಎಲ್ಲಿಗೆ ಹೋಯಿತು? ಮೊದಲು ಅದನ್ನು ಹುಡುಕಬೇಕು.

ನೀರು ಹೋಗಲು ಮೂರೇ ದಾರಿ. ತಳದಲ್ಲಿರುವ ಫ್ಲಶ್ ವಾಲ್ವ್‌ನ ವಾಷರ್ ಸಂದಿಯಿಂದ ಕಮೋಡ್ ಒಳಗೆ. ಮೇಲೆ, ಹೆಚ್ಚಾದ ನೀರು ಇಳಿಯಲು ಇರುವ ಓವರ್‌ಫ್ಲೋ ಪೈಪಿನ ಬಾಯಿ ದಾಟಿ ಕಮೋಡ್ ಒಳಗೆ. ಇಲ್ಲದಿದ್ದರೆ ಬೋಲ್ಟು, ಕನೆಕ್ಷನ್ ಪೈಪು ಅಥವಾ ಬಿರುಕಿನಿಂದ ಹೊರಗೆ. ನಿಮ್ಮ ನೆಲ ಒಣಗಿದೆ, ಹಾಗಾಗಿ ಮೂರನೆಯದು ಇಲ್ಲ. ಓವರ್‌ಫ್ಲೋ ದಾಟುತ್ತಿದ್ದರೆ ನೀರು ನಿಲ್ಲದೆ ಹರಿಯುತ್ತಿತ್ತು, ಹೀಗೆ ಬಿಟ್ಟು ಬಿಟ್ಟು ತುಂಬುತ್ತಿರಲಿಲ್ಲ. ನನ್ನ ಅನುಮಾನ ತಳದ ವಾಷರ್ ಮೇಲೆ. ಆದರೂ ಎರಡು ಪರೀಕ್ಷೆ ಮಾಡಿ ನೋಡಿ.

ಮೊದಲನೆಯದು ಬಣ್ಣ. ಟ್ಯಾಂಕ್ ತುಂಬಿದ ಮೇಲೆ ಅಡುಗೆ ಬಣ್ಣ ನಾಲ್ಕೈದು ಹನಿ ಬಿಡಿ, 15 ನಿಮಿಷ ಯಾರೂ ಫ್ಲಶ್ ಮಾಡಬಾರದು. ಕಮೋಡ್‌ನಲ್ಲಿ ಬಣ್ಣ ಕಂಡರೆ ಸೋರಿಕೆ ಒಳಗೇ ಇದೆ. ಪರೀಕ್ಷೆ ಮುಗಿದ ಕೂಡಲೇ ಫ್ಲಶ್ ಮಾಡಿಬಿಡಿ, ಬಣ್ಣ ಅಂಟಿಕೊಳ್ಳಬಾರದು.

ಎರಡನೆಯದು ಪೆನ್ಸಿಲ್ ಗೆರೆ. ಗೋಡೆಯಲ್ಲಿರುವ ಆಂಗಲ್ ಕಾಕ್, ಅಂದರೆ ಟ್ಯಾಂಕ್‌ಗೆ ನೀರು ಬಿಡುವ ನಲ್ಲಿ, ಬಂದ್ ಮಾಡಿ, ಟ್ಯಾಂಕ್ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ, ಒಂದು ಗಂಟೆ ಬಿಟ್ಟು ಎಷ್ಟು ಇಳಿದಿದೆ ಅಳೆಯಿರಿ. ಆಮೇಲೆ ಹಾಗೇ ಬಿಟ್ಟು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ಪೂರ್ತಿ ತಳದವರೆಗೆ ಇಳಿದರೆ ವಾಷರ್. ಮಧ್ಯದಲ್ಲೇ ನಿಂತುಬಿಟ್ಟರೆ ತೂತು ಆ ಎತ್ತರದಲ್ಲಿದೆ ಅಂತ ಅರ್ಥ, ಓವರ್‌ಫ್ಲೋ ಪೈಪಿನಲ್ಲಿ ಬಿರುಕು ಇರಬಹುದು.

ಮಹಡಿಮನೆ:
ಇದೇ ವಿಷಯದಲ್ಲಿ ನನ್ನದೂ ಒಂದು ಪ್ರಶ್ನೆ, ಬೇರೆ ಚರ್ಚೆ ಶುರು ಮಾಡುವುದು ಬೇಡ ಅಂತ ಇಲ್ಲೇ ಕೇಳುತ್ತಿದ್ದೇನೆ. ನಮ್ಮದು ಪಕ್ಕದಲ್ಲಿ ಹಿಡಿ ಇರುವ ಹಳೆಯ ಟ್ಯಾಂಕ್. ಒಳಗೆ ಚೈನ್, ಅದರ ತುದಿಗೆ ರಬ್ಬರ್ ಮುಚ್ಚಳ. ಹಿಡಿ ಒತ್ತಿ ಬಿಟ್ಟ ಮೇಲೂ ಕೆಲವು ಸಲ ನೀರು ಹರಿಯುತ್ತಲೇ ಇರುತ್ತದೆ, ಹಿಡಿಯನ್ನು ಸ್ವಲ್ಪ ಅಲ್ಲಾಡಿಸಿದರೆ ನಿಲ್ಲುತ್ತದೆ. ಮನೆಗೆ ಬಂದ ನೆಂಟರಿಗೆಲ್ಲ ಅಲ್ಲಾಡಿಸುವುದನ್ನು ಹೇಳಿಕೊಡಬೇಕಾಗಿದೆ.

ಹಳೇಸ್ಪ್ಯಾನರ್:
ಮಹಡಿಮನೆ ಅವರೇ, ಆ ರಬ್ಬರ್ ಮುಚ್ಚಳಕ್ಕೆ ಫ್ಲ್ಯಾಪರ್ ಅಂತಾರೆ. ಅಲ್ಲಾಡಿಸಿದರೆ ನಿಲ್ಲುತ್ತದೆ ಅಂದರೆ ಚೈನ್ ಮೇಲೆ ಕಣ್ಣಿಡಿ. ಚೈನ್ ಗಿಡ್ಡವಾಗಿ ಬಿಗಿಯಾಗಿದ್ದರೆ ಫ್ಲ್ಯಾಪರನ್ನು ಪೂರ್ತಿ ಕೂರಲು ಬಿಡುವುದಿಲ್ಲ. ತೀರಾ ಉದ್ದವಾಗಿದ್ದರೆ ಚೈನೇ ಮಡಚಿಕೊಂಡು ಫ್ಲ್ಯಾಪರ್ ಅಡಿಗೆ ಸಿಕ್ಕಿಕೊಳ್ಳುತ್ತದೆ. ಸುಮಾರು ಒಂದು ಸೆಂಟಿಮೀಟರ್ ಸಡಿಲ ಇರಲಿ, ಮಿಕ್ಕ ಉದ್ದ ಕತ್ತರಿಸಿ. ಹಿಡಿಯ ಬುಡದಲ್ಲಿ ಬಿಳಿ ಉಪ್ಪು ಕಟ್ಟಿ ಹಿಡಿ ತಾನಾಗಿ ಮರಳದೇ ಇದ್ದರೂ ಹೀಗಾಗುತ್ತದೆ. ಅದರ ನಟ್ ಒಳಗಡೆಯಿಂದ ಬಿಚ್ಚಬೇಕು, ಅದು ಉಲ್ಟಾ ಥ್ರೆಡ್ ಇರುತ್ತದೆ, ಮಾಮೂಲಿ ದಿಕ್ಕಿಗೆ ವಿರುದ್ಧ ತಿರುಗಿಸಬೇಕು. ಗೊತ್ತಿಲ್ಲದೆ ಬಲ ಹಾಕಿ ಪಿಂಗಾಣಿ ಒಡೆದವರನ್ನು ನೋಡಿದ್ದೇನೆ.

ಹನಿಹನಿ:
ಸರ್, ಎರಡೂ ಪರೀಕ್ಷೆ ಮಾಡಿದೆ. ಹಸಿರು ಬಣ್ಣ ಹಾಕಿ 15 ನಿಮಿಷ ಕಾದೆ. ಮೊದಲು ಏನೂ ಕಾಣಲಿಲ್ಲ. ಟಾರ್ಚ್ ಹಿಡಿದು ನೋಡಿದರೆ ಕಮೋಡ್‌ನ ಹಿಂದಿನ ಗೋಡೆಯಲ್ಲಿ ದಾರದಷ್ಟು ತೆಳ್ಳಗೆ ಹಸಿರು ಗೆರೆ ಇಳಿಯುತ್ತಿತ್ತು! ಇಷ್ಟು ದಿನ ಅಲ್ಲಿ ನೀರು ಹರಿಯುತ್ತಿದ್ದರೂ ಬಣ್ಣ ಇಲ್ಲದೆ ಕಣ್ಣಿಗೆ ಬಿದ್ದಿರಲಿಲ್ಲ.

ಪೆನ್ಸಿಲ್ ಗೆರೆಯಿಂದ ಒಂದು ಗಂಟೆಯಲ್ಲಿ ಸರಿಯಾಗಿ 2 ಸೆಂಟಿಮೀಟರ್ ಇಳಿದಿದೆ. ಟ್ಯಾಂಕ್ ಒಳಗಳತೆ ತೆಗೆದುಕೊಂಡೆ, 36 ಸೆಂಟಿಮೀಟರ್ ಉದ್ದ, 14 ಅಗಲ. ಗುಣಿಸಿದರೆ ಗಂಟೆಗೆ ಸುಮಾರು ಒಂದು ಲೀಟರ್, ದಿನಕ್ಕೆ 24 ಲೀಟರ್. ನಮ್ಮ ಟ್ಯಾಂಕ್‌ನಲ್ಲಿ ಪೂರ್ತಿ ಫ್ಲಶ್‌ಗೆ 6 ಲೀಟರ್ ಬೇಕು. ಅಂದರೆ ದಾರದಷ್ಟು ಗೆರೆಯಲ್ಲಿ ದಿನಾ ನಾಲ್ಕು ಫ್ಲಶ್‌ನಷ್ಟು ನೀರು ಹೋಗುತ್ತಿದೆ. ರಾತ್ರಿಯಿಡೀ ಬಿಟ್ಟು ನೋಡಿದೆ, ತಳದವರೆಗೆ ಇಳಿದಿತ್ತು.

ಹಳೇಸ್ಪ್ಯಾನರ್:
ಹಾಗಾದರೆ ವಾಷರ್ರೇ. ನೀವು ಅಳತೆ ಮಾಡಿ ಹೇಳಿದ್ದು ತುಂಬಾ ಒಳ್ಳೆಯದಾಯಿತು, ರಿಪೇರಿ ಆದ ಮೇಲೆ ಅದೇ ಗೆರೆ ಇಟ್ಟು ಹೋಲಿಸಬಹುದು. ಈಗ ಬಿಚ್ಚುವ ವಿಧಾನ ಹೇಳುತ್ತೇನೆ, ನಿಧಾನವಾಗಿ ಮಾಡಿ.

ಆಂಗಲ್ ಕಾಕ್ ಬಂದ್ ಮಾಡಿ. ವರ್ಷಗಟ್ಟಲೆ ಮುಟ್ಟದ ಕಾಕ್ ಆಗಿದ್ದರೆ ಬಿಗಿಯಾಗಿರುತ್ತದೆ, ಪಾನಾ ಹಾಕಿ ಜಗ್ಗಬೇಡಿ, ಗೋಡೆಯೊಳಗಿನ ಪೈಪೇ ಮುರಿದರೆ ಕೆಲಸ ಹತ್ತು ಪಟ್ಟು ದೊಡ್ಡದಾಗುತ್ತದೆ. ತಿರುಗದಿದ್ದರೆ ಮನೆಯ ಮೇನ್ ವಾಲ್ವ್ ಬಂದ್ ಮಾಡಿ. ಆಮೇಲೆ ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ.

ಮುಚ್ಚಳ ಎಳೆಯುವ ಮೊದಲು ಬಟನ್ ನೋಡಿ. ಹೆಚ್ಚಿನ ಟ್ಯಾಂಕ್‌ಗಳಲ್ಲಿ ಬಟನ್ ಸುತ್ತ ಇರುವ ರಿಂಗ್ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಅದು ಬಂದ ಮೇಲೇ ಮುಚ್ಚಳ ಏಳುವುದು. ಮುಚ್ಚಳವನ್ನು ನೆಲದ ಮೇಲೆ ಟವಲ್ ಹಾಸಿ ಮಲಗಿಸಿಡಿ. ಗೋಡೆಗೆ ಒರಗಿಸಿಡಬೇಡಿ, ಒದ್ದೆ ನೆಲದಲ್ಲಿ ಜಾರುತ್ತದೆ. ಅಳತೆಗೆ ಸರಿಯಾದ ಇನ್ನೊಂದು ಮುಚ್ಚಳ ಸಿಗುವುದು ಬಹಳ ಕಷ್ಟ.

ಮಧ್ಯದಲ್ಲಿರುವ ಗೋಪುರದಂಥದ್ದೇ ಫ್ಲಶ್ ವಾಲ್ವ್. ಅದನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆತ್ತಿ, ಬುಡ ಅಲ್ಲೇ ಉಳಿದು ಗೋಪುರ ಕೈಗೆ ಬರುತ್ತದೆ. ಅದರ ಅಡಿಯಲ್ಲಿ ತೆಳ್ಳನೆಯ ರಬ್ಬರ್ ಬಳೆ ಇದೆಯಲ್ಲ, ಅದೇ ವಾಷರ್. ಅದನ್ನು ತೆಗೆದು ಬೆರಳಲ್ಲಿ ಸವರಿ ನೋಡಿ. ಬುಡದಲ್ಲಿ ಅದು ಕೂರುವ ಅಂಚನ್ನೂ ಬೆರಳಾಡಿಸಿ ನೋಡಿ. ಅಲ್ಲಿ ಕಣ್ಣಿಗಿಂತ ಬೆರಳಿಗೇ ಬೇಗ ಗೊತ್ತಾಗುತ್ತದೆ.

ಒಂದು ಮಾತು, ಟ್ಯಾಂಕ್ ನೀರಿಗೆ ಕೈ ಹಾಕಲು ಎಷ್ಟೋ ಜನ ಹೇಸುತ್ತಾರೆ. ಅದು ನಲ್ಲಿಯಿಂದ ಬಂದ ನೀರೇ, ಕಮೋಡ್‌ನ ನೀರು ಮೇಲಕ್ಕೆ ಬರುವುದಿಲ್ಲ. ಕೆಲಸ ಆದ ಮೇಲೆ ಸೋಪಿನಲ್ಲಿ ಕೈ ತೊಳೆದರೆ ಸಾಕು.

ಬೆಳಗಿನಜಾವ:
ಬಿಚ್ಚುವ ಮೊದಲು ಇನ್ನೊಂದು ನೋಡಿ ಹನಿಹನಿ ಅವರೇ. ನಮ್ಮ ಮನೆಯಲ್ಲೂ ಇದೇ ಕಥೆ ಆಗಿತ್ತು, ಹೊಸ ವಾಷರ್ ಹಾಕಿದ ಮೇಲೂ ಸೋರಿತು. ಕೊನೆಗೆ ನೋಡಿದರೆ ಬಟನ್ ಕೆಳಗಿನ ಪ್ಲಾಸ್ಟಿಕ್ ಕಡ್ಡಿ ಉದ್ದವಾಗಿತ್ತು. ಮುಚ್ಚಳ ಹಾಕಿದ ಕೂಡಲೇ ಬಟನ್ ಆ ಕಡ್ಡಿಯನ್ನು ಒಂಚೂರು ಒತ್ತಿಕೊಂಡೇ ಇರುತ್ತಿತ್ತು, ವಾಲ್ವ್ ಕೂದಲೆಳೆಯಷ್ಟು ತೆರೆದೇ ಇರುತ್ತಿತ್ತು. ಮುಚ್ಚಳ ತೆಗೆದು ಪರೀಕ್ಷೆ ಮಾಡಿದರೆ ಸೋರುವುದಿಲ್ಲ, ಹಾಕಿದರೆ ಸೋರುತ್ತದೆ. ಅದು ಗೊತ್ತಾಗಲು ಒಂದು ತಿಂಗಳು ಹಿಡಿಯಿತು. ಕಡ್ಡಿಯನ್ನು ತಿರುಗಿಸಿ ಗಿಡ್ಡ ಮಾಡಿದ ಮೇಲೆ ಸರಿಹೋಯಿತು. ಬಟನ್ ಮೇಲೆ ಮೆಲ್ಲಗೆ ಬೆರಳಿಟ್ಟರೆ ಎರಡು ಮೂರು ಮಿಲಿಮೀಟರ್ ಸುಮ್ನೆ ಇಳಿಯಬೇಕು, ಆಮೇಲೆ ಕಡ್ಡಿ ತಾಗಬೇಕು.

ಹನಿಹನಿ:
ಒಳ್ಳೆಯ ಮಾತು. ನನ್ನದು ಮುಚ್ಚಳ ತೆಗೆದಿಟ್ಟಿದ್ದಾಗಲೇ 2 ಸೆಂಟಿಮೀಟರ್ ಇಳಿದದ್ದು, ಹಾಗಾಗಿ ಕಡ್ಡಿಯ ತಪ್ಪು ಇರಲಾರದು. ಆದರೂ ಮುಚ್ಚಳ ಹಾಕುವಾಗ ನೋಡುತ್ತೇನೆ. ಭಾನುವಾರ ಬಿಚ್ಚುತ್ತೇನೆ.

ನಲ್ಲಿನೀರು:
ನಮ್ಮಲ್ಲಿ ಹಗಲಿಡೀ ಏನೂ ಇಲ್ಲ. ನಡುರಾತ್ರಿ ಮೇಲೆ ಟ್ಯಾಂಕ್‌ನಿಂದ ಕಮೋಡ್‌ಗೆ ನೀರು ಸಣ್ಣಗೆ ಹರಿಯುತ್ತಲೇ ಇರುತ್ತದೆ, ಬೆಳಗ್ಗೆ ಆರರ ಹೊತ್ತಿಗೆ ನಿಂತಿರುತ್ತದೆ. ಬಣ್ಣ ಹಾಕಿ ನೋಡಿದೆ, ಹಗಲು ಸೋರುವುದಿಲ್ಲ. ಮನೆಗೆ ಬಂದು ನೋಡಿದವರು ಏನೂ ತೊಂದರೆ ಇಲ್ಲ ಅಂತ ಹೇಳಿ ಹೋದರು. ಅವರು ಬಂದದ್ದು ಮಧ್ಯಾಹ್ನ.

ಹಳೇಸ್ಪ್ಯಾನರ್:
ನಿಮಗೆ ನೀರು ನೇರ ಮೇನ್ ಪೈಪಿನಿಂದ ಬರುತ್ತಿರಬೇಕು ಅಲ್ವಾ? ರಾತ್ರಿ ಎಲ್ಲರೂ ನಲ್ಲಿ ಬಂದ್ ಮಾಡಿದ ಮೇಲೆ ಪೈಪಿನಲ್ಲಿ ಪ್ರೆಷರ್ ಏರುತ್ತದೆ. ಸವೆದ ವಾಲ್ವ್ ಹಗಲಿನ ಪ್ರೆಷರ್ ತಡೆಯುತ್ತದೆ, ರಾತ್ರಿಯದ್ದನ್ನು ತಡೆಯುವುದಿಲ್ಲ. ನೀರು ಮೇಲೇರಿ ಓವರ್‌ಫ್ಲೋ ದಾಟುತ್ತದೆ. ಇಲ್ಲಿ ತಪ್ಪು ನಿಜವಾಗಿ ತುಂಬುವ ವಾಲ್ವಿನದ್ದೇ, ಹನಿಹನಿ ಅವರದ್ದಕ್ಕೆ ಸರೀ ಉಲ್ಟಾ.

ರಾತ್ರಿ ಹರಿಯುವಾಗಲೇ ಎದ್ದು ನೋಡಿ. ಫ್ಲೋಟನ್ನು ಕೈಯಲ್ಲಿ ಮೇಲಕ್ಕೆತ್ತಿ. ನೀರು ನಿಂತರೆ ಫ್ಲೋಟ್ ಮಟ್ಟ ಇಳಿಸಿದರೆ ಸಾಕು, ಓವರ್‌ಫ್ಲೋ ಬಾಯಿಗಿಂತ ಎರಡೂವರೆ ಸೆಂಟಿಮೀಟರ್ ಕೆಳಗೆ ನೀರು ನಿಲ್ಲಬೇಕು, ಕೆಲವು ಟ್ಯಾಂಕ್‌ಗಳಲ್ಲಿ ಒಳಗೋಡೆಯಲ್ಲಿ ಗೆರೆಯೇ ಇರುತ್ತದೆ. ಹೊಸ ಬಗೆಯಲ್ಲಿ ಸ್ಕ್ರೂ ಅಥವಾ ಕ್ಲಿಪ್, ಹಳೆಯ ಬಾಲ್ ವಾಲ್ವ್ ಆದರೆ ಹಿತ್ತಾಳೆ ಕಡ್ಡಿಯನ್ನು ಸ್ವಲ್ಪ ಕೆಳಕ್ಕೆ ಬಗ್ಗಿಸಬೇಕು. ಬಾಲ್ ಅಲುಗಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದರೆ ಬಾಲ್ ತೂತಾಗಿದೆ, ಅದು ತೇಲುವುದೇ ಇಲ್ಲ. ಹೊಸದು ಸಿಗುವವರೆಗೆ ನೀರು ಚೆಲ್ಲಿ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿ ದಿನ ದೂಡಬಹುದು.

ಫ್ಲೋಟ್ ಎತ್ತಿದರೂ ನಿಲ್ಲದಿದ್ದರೆ ವಾಲ್ವ್ ಒಳಗೆ ಮರಳು ಸಿಕ್ಕಿದೆ ಅಥವಾ ರಬ್ಬರ್ ಸವೆದಿದೆ. ಹೊಸ ಬಗೆಯದಾದರೆ ನೀರು ಬಂದ್ ಮಾಡಿ ತಲೆಯ ಮುಚ್ಚಳ ತಿರುಗಿಸಿ ತೆಗೆಯಿರಿ. ಒಳಗೆ ಡಯಾಫ್ರಾಂ ಅನ್ನುವ ತೆಳು ರಬ್ಬರ್ ಬಿಲ್ಲೆ ಇರುತ್ತದೆ, ತೊಳೆಯಿರಿ. ಆಮೇಲೆ ತೆರೆದ ಬಾಯಿ ಮೇಲೆ ಒಂದು ಲೋಟ ಬೋರಲು ಹಿಡಿದು ಆಂಗಲ್ ಕಾಕ್ ಒಂದೆರಡು ಸೆಕೆಂಡು ತೆರೆಯಿರಿ, ಒಳಗಿನ ಕಸ ನೀರಿನ ಜೊತೆ ಹೊರಬರುತ್ತದೆ. ಲೋಟ ಮರೆತರೆ ನೀರು ಸೂರಿಗೆ ಚಿಮ್ಮುತ್ತದೆ. ಡಯಾಫ್ರಾಂನಲ್ಲಿ ಗೀರು ಅಥವಾ ಗುಳಿ ಇದ್ದರೆ ಅದಷ್ಟೇ ಬದಲಿಸಿ.

ಕಿರುದಾರಿ:
ತುಂಬಲು 15 ನಿಮಿಷ ಹಿಡಿಯುತ್ತದೆ, ಅದಕ್ಕೆ ಏನು ಮಾಡಲಿ?

ಹಳೇಸ್ಪ್ಯಾನರ್:
ಮೊದಲು ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ಆಮೇಲೆ ಕನೆಕ್ಷನ್ ಪೈಪ್ ಬಿಚ್ಚಿದರೆ ವಾಲ್ವಿನ ಬಾಯಲ್ಲಿ ಚಿಕ್ಕ ಜಾಲರಿ ಇರುತ್ತದೆ, ಅದರಲ್ಲಿ ಮರಳು ಕಟ್ಟಿರುತ್ತದೆ. ತೊಳೆದು ಹಾಕಿ. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಲ್ಲಿ ಹೆಚ್ಚು ಪ್ರೆಷರ್‌ಗೆ ಮಾಡಿದ ಸಣ್ಣ ತೂತಿನ ವಾಲ್ವ್ ಹಾಕಿದ್ದರೂ ಹೀಗೇ ಆಗುತ್ತದೆ. ಪೈಪ್ ಮತ್ತೆ ಹಾಕುವಾಗ ಒಳಗೆ ರಬ್ಬರ್ ವಾಷರ್ ಇದ್ದರೆ ಅಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ವಾಷರ್ರೇ ನೀರು ತಡೆಯುತ್ತದೆ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು ಸಾಕು.

ತೇವದನೆಲ:
ನಮ್ಮಲ್ಲಿ ನೆಲ ಒದ್ದೆ ಆಗುತ್ತದೆ. ಟ್ಯಾಂಕ್ ಹೊರಗೋಡೆಯೆಲ್ಲ ಬೆವರಿದ ಹಾಗೆ ಹನಿ ಹನಿ. ಇದು ಸೋರಿಕೆಯೋ ಬೆವರೋ?

ಬೆಳಗಿನಜಾವ:
ಟ್ಯಾಂಕನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ ಒಣಗಿಸಿ. ಆಮೇಲೆ ಪ್ರತಿ ಬೋಲ್ಟ್ ಕೆಳಗೆ, ಪೈಪ್ ಸೇರುವ ಕಡೆ, ಟ್ಯಾಂಕ್ ಕಮೋಡ್ ಮೇಲೆ ಕೂರುವ ಸಂದಿಯಲ್ಲಿ ಟಿಶ್ಯೂ ಕಾಗದದ ತುಂಡು ಇಡಿ. ಬಣ್ಣ ಹಾಕಿದ ನೀರಾದರೆ ಇನ್ನೂ ಒಳ್ಳೆಯದು. ಕಾಗದಕ್ಕೆ ಬಣ್ಣ ಹತ್ತಿದರೆ ಸೋರಿಕೆ, ಬಣ್ಣವಿಲ್ಲದ ತೇವವಾದರೆ ಗಾಳಿಯ ತೇವ ತಣ್ಣನೆಯ ಪಿಂಗಾಣಿಗೆ ಕಟ್ಟಿದ್ದು. ಅದಕ್ಕೆ ಕಿಟಕಿ ತೆರೆದು ಗಾಳಿಯಾಡಲು ಬಿಡಿ. ಆದರೆ ಸದಾ ಬೆವರುತ್ತಿದ್ದರೆ ಒಳಗಿನ ಸೋರಿಕೆಯನ್ನೂ ನೋಡಿ. ಸೋರುವ ಟ್ಯಾಂಕ್‌ಗೆ ತಣ್ಣೀರು ಬರುತ್ತಲೇ ಇರುತ್ತದೆ, ಪಿಂಗಾಣಿ ಬೆಚ್ಚಗಾಗುವುದೇ ಇಲ್ಲ.

ಹಳೇಸ್ಪ್ಯಾನರ್:
ಸರಿಯಾಗಿ ಹೇಳಿದಿರಿ. ಬೋಲ್ಟ್ ಕೆಳಗೆ ಬಣ್ಣ ಕಂಡರೆ ಒಂದು ಕಡೆಯದನ್ನೇ ಬಿಗಿ ಮಾಡಬೇಡಿ. ಆ ಕಡೆ ಅರ್ಧ ಸುತ್ತು, ಈ ಕಡೆ ಅರ್ಧ ಸುತ್ತು, ಹೀಗೆ. ನಿಂತ ಕೂಡಲೇ ಬಿಡಿ. ವಾಷರ್ ಗಟ್ಟಿಯಾಗಿ ಒಣಗಿದ್ದರೆ ಎಷ್ಟು ಬಿಗಿ ಮಾಡಿದರೂ ಸೋರುತ್ತದೆ, ಕೊನೆಗೆ ಪಿಂಗಾಣಿ ಬಿರುಕು ಬಿಡುತ್ತದೆ. ಆ ಬಿರುಕಿಗೆ ಅಂಟು ಹಚ್ಚಿ ನಂಬಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ ಒಡೆದರೆ ಟ್ಯಾಂಕ್ ನೀರಿನ ಜೊತೆ ಪೈಪಿನ ನೀರೂ ಹರಿಯುತ್ತಲೇ ಇರುತ್ತದೆ. ಟ್ಯಾಂಕ್ ಬದಲಿಸಲೇಬೇಕಾದ ಸಂದರ್ಭ ಅಂದರೆ ಇದೊಂದೇ.

ಮಹಡಿಮನೆ:
ಸರ್, ಚೈನ್ ಎರಡು ಕೊಂಡಿ ಉದ್ದ ಮಾಡಿದೆ, ಈಗ ಅಲ್ಲಾಡಿಸಬೇಕಿಲ್ಲ! ಆದರೆ ಫ್ಲ್ಯಾಪರ್ ಮುಟ್ಟಿದರೆ ಕೈಗೆಲ್ಲ ಕಪ್ಪು ಮಸಿ ಹತ್ತುತ್ತದೆ. ಟ್ಯಾಂಕ್‌ನಲ್ಲಿ ಹಾಕುವ ಕ್ಲೋರಿನ್ ಗುಳಿಗೆ ಹಾಕುತ್ತೇವೆ, ಅದರಿಂದಲಾ?

ಹಳೇಸ್ಪ್ಯಾನರ್:
ಹೌದು, ಅದರಿಂದಲೇ. ಕ್ಲೋರಿನ್ ಗುಳಿಗೆ ರಾತ್ರಿಯೆಲ್ಲ ನಿಂತ ನೀರಿನಲ್ಲಿ ಕರಗಿ ರಬ್ಬರನ್ನು ತಿನ್ನುತ್ತದೆ. ಮಸಿ ಬರುವ ರಬ್ಬರ್ ಇನ್ನು ಜಾಸ್ತಿ ದಿನ ಬಾಳುವುದಿಲ್ಲ, ಬದಲಿಸಿಬಿಡಿ. ಗುಳಿಗೆ ನಿಲ್ಲಿಸಿ, ಕಮೋಡನ್ನು ಕಮೋಡ್‌ನಲ್ಲೇ ತೊಳೆಯಿರಿ. ಇನ್ನೊಂದು ಎಚ್ಚರಿಕೆ ಎಲ್ಲರಿಗೂ: ಉಪ್ಪು ತೆಗೆಯಲು ವಿನೆಗರ್ ಅಥವಾ ಬೇರೆ ಆ್ಯಸಿಡ್ ಹಾಕುವವರು, ಅದಕ್ಕೆ ಮೊದಲು ಬ್ಲೀಚ್ ಅಥವಾ ಕ್ಲೋರಿನ್ ಗುಳಿಗೆ ಹಾಕಿದ್ದರೆ ಟ್ಯಾಂಕ್ ಪೂರ್ತಿ ತೊಳೆದು ಎರಡು ಮೂರು ಸಲ ಫ್ಲಶ್ ಮಾಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಚಿಕ್ಕ ಬಚ್ಚಲಲ್ಲಿ ಉಸಿರು ಕಟ್ಟುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಕಿರುದಾರಿ:
ಜಾಲರಿ ತೊಳೆದೆ, ಎರಡೇ ನಿಮಿಷದಲ್ಲಿ ತುಂಬುತ್ತಿದೆ. ಅಕ್ಕಿಕಾಳಿನಷ್ಟು ಕಲ್ಲು ಸಿಕ್ಕಿತು. ಇನ್ನೊಂದು ಕೇಳಬೇಕಿತ್ತು, ನೀರು ಉಳಿಸಲು ಟ್ಯಾಂಕ್ ಒಳಗೆ ಇಟ್ಟಿಗೆ ಇಡುತ್ತಾರಲ್ಲ, ಇಡಬಹುದಾ?

ಬೆಳಗಿನಜಾವ:
ಇಟ್ಟಿಗೆ ಬೇಡವೇ ಬೇಡ. ಕರಗಿ ಪುಡಿ ಉದುರುತ್ತದೆ, ಆ ಪುಡಿ ವಾಷರ್ ಅಡಿಗೆ ಹೋಗಿ ಕೂರುತ್ತದೆ. 13 ಲೀಟರ್ ಹಿಡಿಯುವ ಹಳೆಯ ದೊಡ್ಡ ಟ್ಯಾಂಕ್ ಆದರೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಫ್ಲೋಟ್‌ಗೆ ತಾಗದ ಹಾಗೆ ಇಡಬಹುದು. 6 ಲೀಟರ್‌ನದಕ್ಕೆ ಏನೂ ಇಡಬೇಡಿ, ನೀರು ಸಾಲದೆ ಎರಡೆರಡು ಸಲ ಫ್ಲಶ್ ಮಾಡಿದರೆ ಉಳಿಸಿದ್ದಕ್ಕಿಂತ ಜಾಸ್ತಿ ಹೋಗುತ್ತದೆ.

ದೂರದೇಶ:
ನಾನು ಬ್ರಿಟನ್‌ನಲ್ಲಿರುವುದು. ಬಾಡಿಗೆ ಮನೆಯ ಟ್ಯಾಂಕ್‌ನಲ್ಲಿ ನೀವು ಹೇಳುವ ತಳದ ವಾಷರ್ ಕಾಣಿಸುತ್ತಲೇ ಇಲ್ಲ. ಸೋರುವುದಿಲ್ಲ, ಆದರೆ ಹಿಡಿಯನ್ನು ಮೂರು ಸಲ ಒತ್ತಿದರೆ ಮಾತ್ರ ಫ್ಲಶ್ ಆಗುತ್ತದೆ.

ಹಳೇಸ್ಪ್ಯಾನರ್:
ಅದು ಸೈಫನ್ ಬಗೆ. ಹಿಡಿ ಒತ್ತಿದಾಗ ಒಳಗಿನ ತಟ್ಟೆ ನೀರನ್ನು ಬಾಗಿದ ಪೈಪಿನ ತಲೆಯ ಮೇಲಿಂದ ಎತ್ತಿ ಹಾಕುತ್ತದೆ, ಮುಂದಿನದನ್ನು ನೀರು ತಾನೇ ಎಳೆದುಕೊಳ್ಳುತ್ತದೆ. ತಳದಲ್ಲಿ ವಾಲ್ವೇ ಇಲ್ಲ, ಹಾಗಾಗಿ ಹನಿಹನಿ ಅವರಿಗಾದ ಸೋರಿಕೆ ಅಲ್ಲಿ ಆಗುವುದೇ ಇಲ್ಲ. 2001ಕ್ಕೆ ಮೊದಲು ಅಲ್ಲಿನ ನಿಯಮ ಸೈಫನ್ ಬಗೆಯನ್ನೇ ಕೇಳುತ್ತಿತ್ತು, ಕಾರಣ ಇದೇ. ನಿಮ್ಮದರಲ್ಲಿ ತಟ್ಟೆಯ ಮೇಲಿರುವ ಪ್ಲಾಸ್ಟಿಕ್ ಹಾಳೆ ಹರಿದಿದೆ, ನೀರು ಏಳುತ್ತಿಲ್ಲ. ಹಾಳೆ ಬದಲಿಸಬೇಕು. ಮೊದಲು ನೀರಿನ ಮಟ್ಟ ತೀರಾ ಕಡಿಮೆ ಇಲ್ಲವಾ ಅಂತಲೂ ನೋಡಿಕೊಳ್ಳಿ, ಬಾಡಿಗೆ ಮನೆ ಆದ್ದರಿಂದ ಮನೆ ಮಾಲೀಕರಿಗೂ ಹೇಳಿ.

ಹನಿಹನಿ:
ಭಾನುವಾರದ ಕಥೆ ಹೇಳುತ್ತೇನೆ. ಸರ್ ಹೇಳಿದ ಹಾಗೇ ಬಿಚ್ಚಿದೆ. ಗೋಪುರ ತಿರುಗಿಸುವಾಗ ಭಯ ಆಯಿತು, ಕಟಕ್ ಅಂತ ಸದ್ದು ಬಂದು ಕೈಗೆ ಬಂತು. ವಾಷರ್ ನೋಡಲು ಚೆನ್ನಾಗಿಯೇ ಇತ್ತು, ಹರಿದಿರಲಿಲ್ಲ. ಇಷ್ಟು ಚೆನ್ನಾಗಿದೆಯಲ್ಲ ಅಂತ ಅನುಮಾನ ಬಂದು ಬುಡದ ಅಂಚಿಗೆ ಬೆರಳಾಡಿಸಿದೆ. ಹಿಂದುಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಉಪ್ಪಿನ ಗಂಟು ತಾಗಿತು. ವಾಷರ್ ತಿರುಗಿಸಿ ನೋಡಿದರೆ ಸರಿಯಾಗಿ ಅದೇ ಜಾಗದಲ್ಲಿ ಚಿಕ್ಕ ಗುಳಿ. ಹಸಿರು ಗೆರೆ ಇಳಿದದ್ದೂ ಹಿಂದಿನ ಗೋಡೆಯಲ್ಲೇ.

ನಾವು ಗುಳಿಗೆ ಹಾಕುವವರಲ್ಲ, ಹಾಗಾಗಿ ಬಟ್ಟೆಯನ್ನು ವಿನೆಗರ್‌ನಲ್ಲಿ ಅದ್ದಿ ಅಂಚಿನ ಮೇಲೆ ಅರ್ಧ ಗಂಟೆ ಬಿಟ್ಟೆ. ಉಗುರಲ್ಲಿ ಕೆರೆದರೆ ಬಂತು. ಚಾಕು ಮುಟ್ಟಿಸಲಿಲ್ಲ, ಗೀರು ಬಿದ್ದರೆ ಅಲ್ಲೇ ಸೋರುತ್ತದೆ ಅನ್ನಿಸಿತು. ಅದೇ ವಾಷರ್ ತೊಳೆದು ಮಗುಚಿ ಹಾಕಿದೆ. ಗಂಟೆಗೆ 2 ಸೆಂಟಿಮೀಟರ್ ಇಳಿಯುತ್ತಿದ್ದದ್ದು 2 ಮಿಲಿಮೀಟರ್‌ಗೆ ಬಂತು, ಪೂರ್ತಿ ನಿಲ್ಲಲಿಲ್ಲ. ಮಾರನೇ ದಿನ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಅದರ ಮೇಲೇ ಇಟ್ಟು ಹೋಲಿಸಿ ಹೊಸ ವಾಷರ್ ತಂದೆ. ಹಾಕಿ, ಕಾಕ್ ಬಂದ್ ಮಾಡಿ, ಗೆರೆ ಎಳೆದು ಮಲಗಿದೆ. ಬೆಳಗ್ಗೆ ನೀರು ಗೆರೆಯ ಮೇಲೇ ಇತ್ತು! ಮುಚ್ಚಳ ಹಾಕಿ, ಬಟನ್ ಎರಡು ಮಿಲಿಮೀಟರ್ ಸುಮ್ನೆ ಇಳಿಯುವ ಹಾಗೆ ಕಡ್ಡಿ ಹೊಂದಿಸಿದೆ. ನಿನ್ನೆ ರಾತ್ರಿ ಸದ್ದೇ ಇಲ್ಲ. ನಿಮ್ಮೆಲ್ಲರಿಗೂ ಮನಸ್ಸು ತುಂಬಿ ಧನ್ಯವಾದ.

ಒಂದೇ ಒಂದು ಪ್ರಶ್ನೆ ಉಳಿದಿದೆ. ಮೊದಲು ತೆಗೆದು ಹಾಕಿದ ಹಳೆಯ ತುಂಬುವ ವಾಲ್ವ್ ಇನ್ನೂ ಮೂಲೆಯಲ್ಲಿದೆ. ಅದು ಕೆಟ್ಟೇ ಇರಲಿಲ್ಲ ಅಂತಾಯಿತಲ್ಲ?

ಹಳೇಸ್ಪ್ಯಾನರ್:
ಇರಲಿಲ್ಲ. ಎಸೆಯಬೇಡಿ. ತಲೆ ಬಿಚ್ಚಿ ಡಯಾಫ್ರಾಂ ಮತ್ತು ಜಾಲರಿ ತೊಳೆದು ಒಣಗಿಸಿ ಚೀಲದಲ್ಲಿ ಕಟ್ಟಿಡಿ. ಕಾಕ್ ಪೂರ್ತಿ ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಂದು ಬಿಟ್ಟಿರಿ, ಮುಂದಿನ ಸಲ ಬಂದ್ ಮಾಡುವಾಗ ಹಿಡಿದುಕೊಳ್ಳುವುದಿಲ್ಲ.

ಹನಿಹನಿ:
ಕಟ್ಟಿಟ್ಟೆ ಸರ್, ಮೇಲೆ ತಾರೀಖೂ ಬರೆದಿದ್ದೇನೆ. ಕಾಕ್ ಈಗಲೇ ಹೋಗಿ ತಿರುಗಿಸಿ ಬರುತ್ತೇನೆ.